ಮಾರ್ಚ್ ತಿಂಗಳಿಗೆ ನಾಲ್ಕು ಪುಸ್ತಕ

ಮಾರ್ಚ್ 1, ಭಾನುವಾರ

ತಮ್ಮಾ,

ಈ ಕಾಗದದ ಜೊತೆ ಒಂದು ಪಾರ್ಸೆಲ್ ಬಂದಿರುತ್ತೆ. ಅಕ್ಕ ತಿನ್ನೋಕೆ ಏನೋ ಕಳಿಸಿದ್ದಾಳೆ ಅಂತ ಆಸೆಯಿಂದ ಬಿಚ್ಚಿ, ಆಮೇಲೆ ಮುಖ ಸಣ್ಣಗೆ ಮಾಡ್ಕೋಬೇಡ. ಒಳಗಿರೋದು ನಾಲ್ಕು ಪುಸ್ತಕ. ಅವೇ ನಾಲ್ಕರ ಇನ್ನೊಂದೊಂದು ಪ್ರತಿ ನನ್ನ ಮೇಜಿನ ಮೇಲೂ ಇದೆ. ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದ್ದಕ್ಕೆ ನನಗೆ ಸಿಕ್ಕ ಭಾಗ್ಯ ಇದೊಂದೇ, ಅಚ್ಚಾಗಿದ್ದೆಲ್ಲ ಎರಡೆರಡು ಪ್ರತಿ ಮನೆಗೆ ಬರುತ್ತೆ.

ಆಸ್ಪತ್ರೆಯಿಂದ ನಿನ್ನನ್ನ ಕಳಿಸೋವಾಗ ಡಾಕ್ಟರು ಹೇಳಿದ್ದು ನೆನಪಿದೆಯಾ? ಕುಡಿಯೋದನ್ನ ಬಿಡೋದಕ್ಕಿಂತ, ಕುಡೀತಿದ್ದ ಹೊತ್ತನ್ನ ಏನು ಮಾಡೋದು ಅನ್ನೋದೇ ದೊಡ್ಡ ತಲೆನೋವು ಅಂದ್ರು. ನಿನ್ನ ಹೊತ್ತು ನನಗೆ ಗೊತ್ತು. ಸಂಜೆ ಐದರಿಂದ ಎಂಟು. ಆ ಮೂರು ಗಂಟೆಯ ಬಾಯಿಗೆ ಏನಾದ್ರೂ ಹಾಕಬೇಕು. ನನ್ನ ಹತ್ರ ಪುಸ್ತಕ ಬಿಟ್ಟು ಬೇರೇನಿದೆ ಹೇಳು.

ಆದ್ದರಿಂದ ಈ ತಿಂಗಳು ಹೀಗೆ ಮಾಡೋಣ. ಮೊದಲನೇ ವಾರ ತೆಳ್ಳಗಿನ ಕಾದಂಬರಿ, ದೋಣಿ ನಡೆಸೋ ಹೆಂಗಸಿನದು. ಎರಡನೇ ವಾರ, ಕತ್ತೆ ಹೊಡ್ಕೊಂಡು ಮರಳುಗಾಡು ಅಳೆದ ಸರ್ವೇಯರನ ಪ್ರವಾಸದ ಪುಸ್ತಕ. ಮೂರನೇದು ಕಥೆಗಳು, ಎಲ್ಲ ಕಥೆಯೂ ಒಂದೇ ದರ್ಜಿಗಳ ಬೀದಿಯಲ್ಲಿ ನಡೆಯುತ್ತೆ. ನಾಲ್ಕನೇದು ಇಟ್ಟಿಗೆ ಗಾತ್ರದ್ದು. ಅಷ್ಟರಲ್ಲಿ ನಿನಗೆ ಅಭ್ಯಾಸ ಆಗಿದ್ರೆ ಓದು, ಆಗದಿದ್ರೆ ತಲೆದಿಂಬು ಮಾಡ್ಕೋ. ಇಬ್ಬರೂ ಒಂದೇ ವಾರ ಒಂದೇ ಪುಸ್ತಕ. ಭಾನುವಾರ ಭಾನುವಾರ ನೀನು ಬರೀಬೇಕು: ಏನು ಓದಿದೆ, ಎಲ್ಲಿ ಮುಚ್ಚಿಟ್ಟೆ, ಯಾಕೆ ಮುಚ್ಚಿಟ್ಟೆ. ಈ ಮೂರನೇದನ್ನ ಮಾತ್ರ ಸುಳ್ಳಿಲ್ಲದೆ ಬರಿ. ನಿನ್ನ ಕಾಗದ ನನ್ನ ಬಿಟ್ಟು ಇನ್ನೊಬ್ಬರ ಕಣ್ಣಿಗೆ ಬೀಳಲ್ಲ, ಅದು ನನ್ನ ಮಾತು. ನೀನಿರೋ ಕಲ್ಲು ಕ್ವಾರಿಯ ಆಫೀಸಿನ ಫೋನಿಗೆ ಹತ್ತು ಕಿವಿ, ಅದರಿಂದ ಮಾತಾಡೋಕೆ ಹೋಗಬೇಡ.

ಬರೀಲೇಬೇಕಾದ್ದು ಇನ್ನೊಂದಿದೆ. ತಿಂಗಳು ಮುಗಿಯೋವರೆಗೆ ಇಲ್ಲಿಗೆ ಬರಬೇಡ. ನೀನು ತಳ್ಳಿದ ಕಪಾಟು ಬಿದ್ದು ಮುರಿದ ನನ್ನ ಮಣಿಕಟ್ಟು ಕೂಡಿಕೊಂಡಿದೆ. ಆದ್ರೆ ಯಾರಾದ್ರೂ ಬಾಗಿಲು ಜೋರಾಗಿ ಬಡಿದ್ರೆ ಈಗಲೂ ನನ್ನ ಎದೆ ಬಾಯಿಗೆ ಬರುತ್ತೆ. ಕೋಪ ಅಂತ ತಿಳ್ಕೋಬೇಡ. ಒಂದು ತಿಂಗಳು ನೆಟ್ಟಗಿರು, ನಾನೇ ಬಾಗಿಲು ತೆಗೆದು ನಿಂತಿರ್ತೀನಿ.

ನಿನ್ನ ಅಕ್ಕ


ಮಾರ್ಚ್ 8, ಭಾನುವಾರ

ಅಕ್ಕಾ,

ಪಾರ್ಸೆಲ್ ಬಿಚ್ಚಿದಾಗ ನಿಜವಾಗ್ಲೂ ಮುಖ ಸಣ್ಣಗಾಯ್ತು. ಜೊತೆಗಿರೋ ವೆಲ್ಡರ್ ಪಕ್ಕದಲ್ಲೇ ನಿಂತು ಕೈ ಒರೆಸ್ಕೊಂಡು ಕಾಯ್ತಿದ್ದ. "ತಿನ್ನೋದು ಏನೂ ಇಲ್ವಾ ಗುರು? ನಿಮ್ಮಕ್ಕ ಟೀಚರಾ?" ಅಂದ. "ಟೀಚರಿಗಿಂತ ಕಷ್ಟ, ಟೀಚರುಗಳ ಪುಸ್ತಕ ತಿದ್ದೋಳು" ಅಂದೆ.

ಇಲ್ಲಿ ನನಗೆ ಕೊಟ್ಟಿರೋ ಕೆಲಸ ಸ್ಟೋರಿನಲ್ಲಿ. ಬೆಳಿಗ್ಗೆ ಸ್ಪ್ಯಾನರ್, ಸರಪಳಿ, ಕೊಕ್ಕೆ ಎಣಿಸಿ ಕೊಡೋದು, ಸಂಜೆ ಎಣಿಸಿ ವಾಪಸ್ ತಗೊಳ್ಳೋದು. ಹನ್ನೊಂದು ವರ್ಷ ಬಂದರಿನಲ್ಲಿ ಆಕಾಶದಲ್ಲಿ ಕೂತು ಕ್ರೇನ್ ಓಡಿಸಿದವನು ಈಗ ತಗಡಿನ ಶೆಡ್ಡಿನಲ್ಲಿ ಕೂತು ಬೋಲ್ಟ್ ಎಣಿಸ್ತಿದ್ದೀನಿ. ಕಿಟಕಿಯಲ್ಲಿ ಕಾಣೋದು ಕಲ್ಲಿನ ಧೂಳು, ಅದರಾಚೆ ಇಲ್ಲಿನ ಕ್ರೇನ್. ಅದನ್ನ ಓಡಿಸೋನು ಬಾರ ಎತ್ತೋ ರೀತಿ ನೋಡಿದ್ರೆ ಮೈ ಉರಿಯುತ್ತೆ. ಆದ್ರೆ ನಾನು ಮಾತಾಡೋ ಹಾಗಿಲ್ಲ. ಅವನು ಯಾರ ಕಾಲ ಮೇಲೂ ಲೋಡ್ ಇಳಿಸೋಕೆ ಹೋಗಿಲ್ಲ, ಬಂದರಿನಲ್ಲಿ ಕುಡಿದ ಮತ್ತಿನಲ್ಲಿ ನಾನು ಹೋಗಿದ್ದೆ. ಒಂದು ಮೊಳದಲ್ಲಿ ತಪ್ಪಿತು. ಮೂರು ತಿಂಗಳು ಸರಿಯಾಗಿದ್ರೆ ಮತ್ತೆ ಕ್ರೇನ್ ಹತ್ತಿಸ್ತೀವಿ ಅಂತ ಇಲ್ಲಿನವರು ಅಂದಿದ್ದಾರೆ.

ದೋಣಿಯವಳ ಪುಸ್ತಕ ಮುಗಿಸಿದೆ! ಶಾಲೆ ಬಿಟ್ಟ ಮೇಲೆ ಪೂರ್ತಿ ಓದಿದ ಮೊದಲ ಪುಸ್ತಕ. ಬುಧವಾರ ಮೂವತ್ತನೇ ಪುಟದಲ್ಲಿ ಮುಚ್ಚಿದೆ, ಪಕ್ಕದ ಕೋಣೆಯವರು ಕುಡಿಯೋಕೆ ಬಾ ಅಂತ ಕೂಗಿದ್ರು, ಅದಕ್ಕೆ. ಹೋಗಲಿಲ್ಲ. ಕೂಗು ನಿಲ್ಲೋವರೆಗೆ ಗೋಡೆ ನೋಡ್ತಾ ಕೂತು, ಆಮೇಲೆ ಮತ್ತೆ ತೆಗೆದೆ. ಶುಕ್ರವಾರ ಎಪ್ಪತ್ತನೇ ಪುಟ, ನಿದ್ದೆ ಬಂದು. ನಿದ್ದೆ ಬಂದು ಮುಚ್ಚಿದ್ದಕ್ಕೆ ಎಷ್ಟು ಖುಷಿಯಾಯ್ತು ಅಂತೀಯ.

ಒಂದು ಕೇಳ್ಬೇಕು. ಸೇತುವೆ ಆದ ಮೇಲೂ ಅವಳು ದಿನಾ ದೋಣಿ ಹತ್ರ ಹೋಗಿ ಕೂರ್ತಾಳಲ್ಲ, ಯಾಕೆ? ದಾಟಿಸೋಕೆ ಒಬ್ಬರೂ ಇಲ್ಲ. ಅದು ಹುಚ್ಚಾ? ನನಗೆ ಆ ಭಾಗ ಓದಿ ಅನ್ನ ಸೇರಲಿಲ್ಲ.

ತಮ್ಮ


ಮಾರ್ಚ್ 11, ಬುಧವಾರ

ತಮ್ಮಾ,

ಮೊದಲು ಬೈಗುಳ. ಕ್ರೇನ್ ಎತ್ತೋದು 'ಭಾರ'. ಹೊಟ್ಟೆ ಸೀಳದೆ 'ಬಾರ' ಅಂತ ಬರೆದಿದ್ದೀಯ, ಟನ್‌ಗಟ್ಟಲೆ ಕಲ್ಲು ಹತ್ತಿಯ ಹಾಗೆ ಹಾರಿಹೋಯ್ತು. ಅಷ್ಟುದ್ದ ಕಾಗದದಲ್ಲಿ ಆರೇ ತಪ್ಪು. ನಮ್ಮಲ್ಲಿಗೆ ಬರೋ ಪ್ರೊಫೆಸರುಗಳಿಗಿಂತ ವಾಸಿ.

ಈಗ ಹೊಗಳಿಕೆ. ನಿನ್ನ ಕಾಗದ ಮೂರು ಸಲ ಓದಿದೆ. 'ಗೋಡೆ ನೋಡ್ತಾ ಕೂತು' ಅನ್ನೋ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೀನಿ. ಆ ಗೋಡೆಯ ಬಣ್ಣ ಯಾವುದು? ಸುಣ್ಣ ಬಿಟ್ಟಿದೆಯಾ? ನನಗೂ ಅದು ಕಾಣಬೇಕು.

ದೋಣಿಯವಳದ್ದು ಹುಚ್ಚಲ್ಲ. ಕೈಯ ಕೆಲಸ ಹೋದ ಮೇಲೂ ಹೊತ್ತು ಬರ್ತಾನೇ ಇರುತ್ತೆ. ಅವಳು ಆ ಹೊತ್ತಿಗೆ ಹೋಗಿ ಕೂರ್ತಾಳೆ, ಅಷ್ಟೆ. ನೀನು ಅನ್ನ ಬಿಟ್ಟಿದ್ದು ಮಾತ್ರ ತಪ್ಪು. ಪುಸ್ತಕ ಓದಿ ಹೊಟ್ಟೆಗೆ ಶಿಕ್ಷೆ ಕೊಡೋ ಜಾತಿ ನಮ್ಮದಲ್ಲ.

ಇಲ್ಲಿ ಸುದ್ದಿ ಅಂದ್ರೆ ನಮ್ಮ ರೇಡಿಯೋಗೆ ಗಂಟಲು ಕಟ್ಟಿದೆ. ಯಾರು ರೇಡಿಯೋ ಅಂತೀಯಾ? ಪ್ರೆಸ್ಸಿನಲ್ಲಿ ನನ್ನ ಜೋಡಿ. ಅವಳು ಹಸ್ತಪ್ರತಿ ಇಟ್ಟುಕೊಂಡು ಗಟ್ಟಿಯಾಗಿ ಓದ್ತಾಳೆ, ನಾನು ಅಚ್ಚಾಗಿ ಬಂದ ಕರಡಿನಲ್ಲಿ ಅದು ಹಾಗೇ ಇದೆಯಾ ಅಂತ ನೋಡಿ ತಪ್ಪಿಗೆ ಗುರುತು ಹಾಕ್ತೀನಿ. ಗಂಟಲು ಕಟ್ಟಿದ್ರೂ ಅವಳ ಧ್ವನಿ ಕೆಳಗಿನ ಸೈಕಲ್ ಅಂಗಡಿಗೆ ಕೇಳುತ್ತೆ. ಈಗ ನರ್ಸುಗಳಿಗೊಂದು ಕೈಪಿಡಿ ನಡೀತಿದೆ. ಔಷಧದ ಹೆಸರುಗಳನ್ನ ಅವಳು ಕೂಗೋದು ಕೇಳಿ ಸೈಕಲ್ ಅಂಗಡಿಯವನು, "ಯಾರಿಗಾದ್ರೂ ಹುಷಾರಿಲ್ವಾ?" ಅಂತ ಮೇಲೆ ಹತ್ತಿ ಬಂದಿದ್ದ.

ಎರಡು ದಿನದಿಂದ ಸ್ವಲ್ಪ ತಲೆನೋವು. ಕನ್ನಡಕ ಹಳೇದಾಯ್ತು ಅನಿಸುತ್ತೆ. ಸರ್ವೇಯರ್ ಜೊತೆ ನಲವತ್ತು ಪುಟ ನಡೆದಿದ್ದೀನಿ. ನೀನು ಎಲ್ಲಿದ್ದೀಯ?

ಅಕ್ಕ


ಮಾರ್ಚ್ 15, ಭಾನುವಾರ

ಅಕ್ಕಾ,

ಗೋಡೆ ಒಂದು ಕಾಲದಲ್ಲಿ ಹಸಿರಿತ್ತು ಅನಿಸುತ್ತೆ. ಈಗ ಬಣ್ಣ ಅನ್ನೋ ಹಾಗಿಲ್ಲ. ಮೊಳೆ ಹೊಡೆದ ತೂತು ಹದಿನೇಳಿದೆ. ಎಣಿಸೋ ಚಟ ಸ್ಟೋರಿನಿಂದ ಬಂದಿದ್ದು.

ಸರ್ವೇಯರನದ್ದು ಓದಿದೆ. ಪೂರ್ತಿ ಅಲ್ಲ. ಕೊನೆಯಲ್ಲಿ ಅವನು ತನ್ನ ಕತ್ತೆಯನ್ನ ಯಾರೋ ಉಪ್ಪಿನ ವ್ಯಾಪಾರಿಗೆ ಮಾರಿ, ತಿರುಗಿ ನೋಡದೆ ನಡೀತಾನಲ್ಲ, ಅಲ್ಲಿ ಮುಚ್ಚಿದೆ. ಹತ್ತು ಪುಟ ಉಳಿದಿದೆ. ಯಾಕೆ ಮುಚ್ಚಿದೆ ಅಂತ ಸುಳ್ಳಿಲ್ಲದೆ ಬರೀಬೇಕಲ್ಲ. ಬರೀತೀನಿ.

ಶನಿವಾರ ಇಲ್ಲಿ ಎರಡು ಗಂಟೆಗೇ ಕೆಲಸ ಮುಗಿಯುತ್ತೆ. ಎರಡರಿಂದ ಭಾನುವಾರ ಸಂಜೆವರೆಗೂ ನನ್ನದೇ ಹೊತ್ತು. ನಿನ್ನೆ ವೆಲ್ಡರ್ ಊರಿಗೆ ಹೋದ. ಕೋಣೆಯಲ್ಲಿ ನಾನೊಬ್ಬನೇ. ಪಕ್ಕದವರು ಬಂದು ಬಾಗಿಲಲ್ಲೇ ನಿಂತು, "ಬರೀ ಕೂತ್ಕೋ ಬಾ, ಕುಡೀಬೇಡ, ಯಾರು ಬಾಯಿಗೆ ಸುರೀತಾರೆ?" ಅಂದ್ರು. ಹೋದೆ. ಬರೀ ಕೂತೆ. ಗ್ಲಾಸಿನ ಹತ್ತಿರ ಒಂದು ಗಂಟೆ ಕೂತಿದ್ದೆ ಅಕ್ಕಾ. ಮುಟ್ಟಲಿಲ್ಲ. ಆದ್ರೆ ವಾಪಸ್ ಬಂದು ಪುಸ್ತಕ ತೆಗೆದ್ರೆ ಸಾಲುಗಳು ತಲೆಗೆ ಹತ್ತಲಿಲ್ಲ. 

ಅದಕ್ಕೆ ಕೇಳ್ತಿದ್ದೀನಿ. ತಿಂಗಳು ಮುಗಿಯೋಕೆ ಮುಂಚೆ ಬರಬೇಡ ಅಂದಿದ್ದೀಯ, ಗೊತ್ತು. ನಾನು ಮಾಡಿದ್ದು ಮರೆತಿಲ್ಲ, ಆ ಕಪಾಟು ಬಿದ್ದ ಸದ್ದು ನನಗೂ ಕೇಳ್ತಾನೇ ಇರುತ್ತೆ. ಆದ್ರೆ ಶನಿವಾರ ಮಾತ್ರ ಬರಲಾ? ಎರಡೂವರೆ ಬಸ್ಸಿಗೆ ಹೊರಟ್ರೆ ಆರೂವರೆಗೆ ನಿನ್ನ ಮನೆ. ಮೆಟ್ಟಿಲ ಮೇಲೆ ಬೇಕಾದ್ರೂ ಮಲಗ್ತೀನಿ. ಮುಂದಿನ ಶನಿವಾರ ಇಪ್ಪತ್ತೊಂದು. ಅಷ್ಟರೊಳಗೆ ಬರಿ. ಬೇಡ ಅಂದ್ರೆ ಬೇಡ ಅಂತಾದ್ರೂ ಬರಿ.

ತಮ್ಮ


ಮಾರ್ಚ್ 19, ಗುರುವಾರ

ತಮ್ಮಾ,

ಕಾಗದ ತಲುಪಿತು. ಎಲ್ಲ ವಿವರವಾಗಿ ಬರೆದಿದ್ದೀಯ, ಸಂತೋಷ.

ಸರ್ವೇಯರನ ಪುಸ್ತಕ ನನಗೂ ಹಿಡಿಸಿತು. ಎಂಟು ವರ್ಷದ ಹಿಂದೆ ನಾವೇ ಅಚ್ಚು ಹಾಕಿದ್ದು, ಆಗ ಓದಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಯಲ್ಲಿ ಆ ಕತ್ತೆ ಸಾಯೋ ಭಾಗವಂತೂ ಎಂಥವರಿಗೂ ಕಣ್ಣಲ್ಲಿ ನೀರು ತರುತ್ತೆ. ದಾರಿ ಸವೆಸೋದು ಅಂದ್ರೆ ಏನು ಅಂತ ಅವನಿಂದ ಕಲೀಬೇಕು. ನೀನೂ ಹಾಗೇ ಒಂದೊಂದೇ ಹೆಜ್ಜೆ ಇಡ್ತಿದ್ದೀಯ.

ಇಲ್ಲಿ ಪ್ರೆಸ್ಸಿನಲ್ಲಿ ಕೈತುಂಬ ಕೆಲಸ. ಕೈಪಿಡಿ ಮುಗೀತಾ ಬಂತು. ತಲೆನೋವು ಕಡಿಮೆಯಾಗಿದೆ. ನಿನ್ನೆ ಬಾಗಿಲ ಚೌಕಟ್ಟಿಗೆ ಬಲಭುಜ ಬಡಿದುಕೊಂಡು ಊದಿದೆ, ವಯಸ್ಸಾಯ್ತು ನೋಡು, ನನ್ನ ಮನೆ ಬಾಗಿಲು ನನಗೇ ಅಡ್ಡ ಬರುತ್ತೆ.

ಮುಂದಿನ ವಾರ ದರ್ಜಿಗಳ ಕಥೆ. ನಿಧಾನವಾಗಿ ಓದು. ಆರೋಗ್ಯ ನೋಡ್ಕೋ.

ಅಕ್ಕ


ಮಾರ್ಚ್ 22, ಭಾನುವಾರ

ಅಕ್ಕಾ,

ನಿನ್ನ ಕಾಗದ ಶನಿವಾರ ಹನ್ನೊಂದಕ್ಕೆ ಬಂತು. ಬಟ್ಟೆ ಚೀಲಕ್ಕೆ ತುಂಬಿಟ್ಟಿದ್ದೆ. ಸ್ಟೋರಿನ ಹಿಂದೆ ಹೋಗಿ ಒಡೆದೆ. ಒಂದು ಸಲ ಓದಿದೆ. ಹಿಂದೆ ತಿರುಗಿಸಿ ನೋಡಿದೆ, ಅಲ್ಲೇನಾದ್ರೂ ಬರೆದಿದ್ದೀಯೇನೋ ಅಂತ. ಚೀಲ ಖಾಲಿ ಮಾಡಿದೆ.

ಕತ್ತೆ ಸಾಯಲ್ಲ ಅಕ್ಕಾ. ಅದನ್ನ ಮಾರ್ತಾನೆ ಅಂತ ನಾನೇ ಬರೆದಿದ್ದೆ. ನೀನು ಪುಸ್ತಕವನ್ನೂ ಓದಿಲ್ಲ, ನನ್ನ ಕಾಗದವನ್ನೂ ಸರಿಯಾಗಿ ಓದಿಲ್ಲ. ಹೋದ ಸಲ ಆರು ತಪ್ಪು ಹಿಡಿದಿದ್ದೆ. ಈ ಸಲ ಒಂದೂ ಇಲ್ಲ. ಕಳಿಸಿದ ಮೇಲೆ ನನಗೇ ಹೊಳೀತು, ನಾಲ್ಕು ಕಡೆ ತಪ್ಪಿತ್ತು. ನನ್ನನ್ನ ತಿದ್ದೋದು ಬಿಟ್ಟುಬಿಟ್ಟೆಯಾ? ಆಗಲ್ಲ ಅಂತ ಕೈ ತೊಳ್ಕೊಂಡೆಯಾ?

ಗ್ಲಾಸಿನ ಹತ್ತಿರ ಕೂತಿದ್ದೆ ಅಂತ ಬರೆದಿದ್ದು ನಿನಗೆ ಬೇಜಾರಾಗಿರಬೇಕು. ಸುಳ್ಳು ಹೇಳಿದ್ರೆ ವಾಸಿಯಿತ್ತೇನೋ. ಬೈದಿದ್ರೂ ತಡ್ಕೊಳ್ತಿದ್ದೆ. 'ಆರೋಗ್ಯ ನೋಡ್ಕೋ' ಅಂತ ಬರೆದಿದ್ದೀಯಲ್ಲ, ಅದು ಬ್ಯಾಂಕಿನವರು ಬರೆಯೋ ಹಾಗಿದೆ.

ದರ್ಜಿಗಳ ಕಥೆ ಎರಡು ಓದಿದೆ. ಎರಡನೇ ಕಥೆಯಲ್ಲಿ ಒಬ್ಬ ತೀರಿಹೋದ ಗಿರಾಕಿಯ ಕೋಟು ಹೊಲಿದು ಮುಗಿಸ್ತಾನೆ. ಚೆನ್ನಾಗಿತ್ತು. ಯಾರಿಗೆ ಹೇಳ್ಲಿ?

ಇನ್ನೊಂದು ಸಲ ಕೇಳ್ತೀನಿ, ಆಮೇಲೆ ಕೇಳಲ್ಲ. ಇಪ್ಪತ್ತೆಂಟು ಶನಿವಾರ. ಅವತ್ತು ಪಕ್ಕದ ಕೋಣೆಯವನೊಬ್ಬ ಕೆಲಸ ಬಿಟ್ಟು ಹೋಗ್ತಿದ್ದಾನೆ, ಎಲ್ಲ ಸೇರ್ತಾರೆ, ನನಗೆ ಇಲ್ಲಿರೋಕೆ ಭಯ. ಉದ್ದ ಬರೀಬೇಡ. ಒಂದೇ ಅಕ್ಷರ ಸಾಕು. 'ಬಾ' ಅಂತ ಬರಿ.

ತಮ್ಮ


ಮಾರ್ಚ್ 25, ಬುಧವಾರ

ತಮ್ಮಾ,

ಕಾಗದ ಬಂತು. ತಪ್ಪದೆ ಬರೀತಿದ್ದೀಯ, ಅದನ್ನ ನೋಡಿಯೇ ನನಗೆ ಧೈರ್ಯ. ದಿನ ಕಳೆದ ಹಾಗೆ ನಿನಗೆ ಹಗುರಾಗ್ತಿರಬೇಕು ಅಂದ್ಕೊಂಡಿದ್ದೀನಿ.

ದರ್ಜಿಗಳ ಕಥೆಗಳು ಒಂದಕ್ಕಿಂತ ಒಂದು ಚೆನ್ನ, ಅಲ್ವಾ? ಇನ್ನೇನು ತಿಂಗಳು ಮುಗೀತು. ನೀನು ಅಲ್ಲಿ ನೆಮ್ಮದಿಯಾಗಿ ಓದ್ಕೊಂಡಿದ್ದೀಯ ಅನ್ನೋದೇ ನನಗೆ ಬೇಕಾದಷ್ಟು. ಇನ್ನೊಂದು ವಾರ ಹಾಗೇ ಇದ್ದುಬಿಡು. ಆಮೇಲೆ ಮುಂದಿನದು ಯೋಚಿಸೋಣ.

ನನಗೆ ಈಚೆಗೆ ಸ್ವಲ್ಪ ಆಯಾಸ. ಉದ್ದ ಬರೆಯೋಕೆ ಆಗ್ತಿಲ್ಲ, ತಪ್ಪು ತಿಳ್ಕೋಬೇಡ.

ಅಕ್ಕ


ಮಾರ್ಚ್ 29, ಭಾನುವಾರ

ಅಕ್ಕಾ,

ಕುಡಿದೆ.

ನಿನ್ನೆ ನಾಲ್ಕು ಗಂಟೆಗೆ ಶುರು ಮಾಡಿದೆ. ಎಲ್ಲಿ ಮುಗೀತು ಗೊತ್ತಿಲ್ಲ. ಬೆಳಿಗ್ಗೆ ಸ್ಟೋರಿನ ಬಾಗಿಲ ಮುಂದೆ ಎದ್ದೆ, ಕೈಯಲ್ಲಿ ಬೀಗದ ಕೈ ಇತ್ತು. ಸೂಪರ್‌ವೈಸರ್ ನೋಡಿದ್ರು. ಕೈ ಚಾಚಿದ್ರು. ಬೀಗದ ಕೈ ಕೊಟ್ಟೆ. ಇನ್ನು ಕ್ರೇನ್ ಮಾತು ಎತ್ತೋ ಹಾಗಿಲ್ಲ.

ಏನು ಓದಿದೆ? ಏನೂ ಇಲ್ಲ. ಎಲ್ಲಿ ಮುಚ್ಚಿದೆ? ತೆಗೀಲೇ ಇಲ್ಲ. ಯಾಕೆ? ಅದು ನಿನಗೆ ಗೊತ್ತು.

ಇಲ್ಲ, ಅದು ಸುಳ್ಳು. ಕುಡಿದವನು ನಾನು. ಗ್ಲಾಸು ನನ್ನ ಕೈಯಲ್ಲಿತ್ತು, ನಿನ್ನ ಕೈಯಲ್ಲಲ್ಲ. ಆದ್ರೆ ಎರಡು ಸಲ ಕೇಳಿದೆ ಅಕ್ಕಾ. ಎರಡು ಸಲ. ನೀನು ಒಂದು ಸಲ ಕತ್ತೆ ಸತ್ತ ಕಥೆ ಹೇಳಿದೆ, ಇನ್ನೊಂದು ಸಲ ನೆಮ್ಮದಿಯಾಗಿದ್ದೀಯ ಅಂದೆ. ಅಪ್ಪ ಹೋದ ಮೇಲೆ ನನಗೆ ಬೈಯೋಕೆ ಇದ್ದವಳು ನೀನೊಬ್ಬಳೇ. ನೀನೂ ನನ್ನ ಹತ್ರ ನಯವಾಗಿ ಮಾತಾಡೋಕೆ ಶುರು ಮಾಡಿದ ಮೇಲೆ ನಾನು ಮುಗಿದೆ ಅಂತಲೇ ಲೆಕ್ಕ.

ಇಟ್ಟಿಗೆ ಗಾತ್ರದ್ದನ್ನ ವಾಪಸ್ ಕಳಿಸ್ತೀನಿ. ಪುಸ್ತಕ ಇನ್ನು ಬೇಡ.

ತಮ್ಮ


ಏಪ್ರಿಲ್ 5, ಭಾನುವಾರ

ತಮ್ಮಾ,

ಬಾ. ಮೊದಲು ಅದನ್ನ ಬರೀತೀನಿ, ಯಾಕಂದ್ರೆ ಬರೆದಿದ್ದನ್ನ ನಾನು ಹಿಂದಿರುಗಿ ನೋಡೋಕಾಗಲ್ಲ. ಬಾ. ಮೊದಲ ಸಲ ಕೇಳಿದಾಗಲೇ ಹೇಳಬೇಕಿತ್ತು. ನೀನು ಕೇಳಿದ್ದು ನನಗೆ ಗೊತ್ತಾಗಿದ್ದು ಮೊನ್ನೆ.

ನನಗೆ ಓದೋಕೆ ಬರಲ್ಲ ಕಣೋ. ಮಾರ್ಚ್ ಹದಿನೇಳರಿಂದ.

ಅವತ್ತು ಮಂಗಳವಾರ ಬೆಳಿಗ್ಗೆ ಪ್ರೆಸ್ಸಿನಲ್ಲಿ ಕೂತು ಕರಡು ತೆಗೆದೆ. ಪುಟ ತುಂಬ ಏನೇನೋ ಗೀಟು, ಸುರುಳಿ. ಯಾವುದೋ ನೋಡದ ಭಾಷೆ. ಅಚ್ಚುಮೊಳೆ ತಲೆಕೆಳಗಾಗಿದೆ ಅಂತ ಕಾಗದ ತಿರುಗಿಸಿದೆ. ಗೋಡೆಯ ಕ್ಯಾಲೆಂಡರ್ ನೋಡಿದೆ, ಅದೂ ಹಾಗೇ. ರೇಡಿಯೋ, "ಯಾಕೆ ಬೆವರ್ತಿದ್ದೀಯ?" ಅಂದಳು. "ಸೆಕೆ" ಅಂದೆ. ಮನೆಗೆ ಹೊರಡ್ತೀನಿ ಅಂತ ಪ್ರೆಸ್ಸಿನ ಯಜಮಾನರಿಗೆ ಚೀಟಿ ಬರೆಯೋಣ ಅಂತ ಪೆನ್ನು ಹಿಡಿದ್ರೆ ಕೈ ಸರಾಗವಾಗಿ ಬರೀತು. ಬರೆದು ಮುಗಿಸಿ ಓದೋಣ ಅಂದ್ರೆ, ನಾನೇ ಆಗಷ್ಟೇ ಬರೆದ ಸಾಲು, ಒಂದಕ್ಷರ ಗೊತ್ತಾಗಲಿಲ್ಲ. ಚೀಟಿ ಹರಿದು ಹಾಕಿದೆ. ಹೊರಡಲಿಲ್ಲ. ಸಂಜೆ ಮನೆಗೆ ಬಂದ್ರೆ ನಿನ್ನ ಕಾಗದ ಬಾಗಿಲ ಸಂದಿಯಲ್ಲಿತ್ತು.

ಯಾರಿಗೂ ಹೇಳಲಿಲ್ಲ. ಎರಡು ದಿನದಲ್ಲಿ ಸರಿಹೋಗುತ್ತೆ ಅಂದ್ಕೊಂಡೆ. ಓದೋದು ಬಿಟ್ಟು ನನಗೆ ಬೇರೆ ಯಾವ ಗುರುತಿದೆ? ನಿನ್ನ ಕಾಗದವನ್ನ ರೇಡಿಯೋ ಕೈಗೆ ಕೊಡಬಹುದಿತ್ತು. ಆದ್ರೆ ಇನ್ನೊಬ್ಬರು ನೋಡಲ್ಲ ಅಂತ ನಿನಗೆ ಮಾತು ಕೊಟ್ಟಿದ್ದೆ. ಅದು ಅರ್ಧ ಸತ್ಯ. ಇನ್ನರ್ಧ, ಕೊಟ್ಟರೆ ನನ್ನ ಗುಟ್ಟು ಬಯಲಾಗುತ್ತಲ್ಲ ಅಂತ. ನೀನು ಚೆನ್ನಾಗಿದ್ದೀಯ ಅಂತ ಊಹೆ ಮಾಡ್ಕೊಂಡು ಉತ್ತರ ಬರೆದೆ. ನನಗೆ ಅನುಕೂಲವಾಗಿದ್ದನ್ನೇ ಊಹೆ ಮಾಡಿದೆ.

ಇನ್ನು ದೊಡ್ಡ ತಪ್ಪು ಕೇಳು. ಎರಡು ವಾರ ದಿನಾ ಪ್ರೆಸ್ಸಿನಲ್ಲಿ ಕೂತು ಓದೋ ನಾಟಕ ಆಡಿದೆ. ರೇಡಿಯೋ ಗಟ್ಟಿಯಾಗಿ ಓದೋಳು, ನಾನು ಪುಟದ ಮೇಲೆ ಪೆನ್ಸಿಲ್ ಸರಿಸ್ತಾ "ಹ್ಞೂಂ, ಮುಂದೆ" ಅನ್ನೋಳು. ಅಲ್ಲೊಂದು ಇಲ್ಲೊಂದು ಸುಮ್ಮನೆ ಗುರುತು. ಕೈಪಿಡಿಗೆ ಸಹಿ ಹಾಕಿ ಕಳಿಸಿದೆ. ಮಾರ್ಚ್ ಮೂವತ್ತರಂದು ನಾನೂರು ಪ್ರತಿ ಹೊಲಿಗೆಯಾಗಿ ಕಟ್ಟು ಕಟ್ಟೋವಾಗ ಮೆಷಿನ್ನಿನ ಮೇಸ್ತ್ರಿ ಒಂದು ಪ್ರತಿ ಹಿಡ್ಕೊಂಡು ಮೇಲೆ ಬಂದ್ರು. ಅವರ ಮಗಳು ನರ್ಸು. ಮಗಳಿಗೆ ಅಂತ ಒಂದು ತೆಗೆದು ನೋಡ್ತಿದ್ರಂತೆ. "ಅಮ್ಮಾ, ವರ್ಷ ತುಂಬದ ಕೂಸಿಗೆ ಈ ಔಷಧ ಕೊಡಬಹುದು ಅಂತಿದೆ. ನನ್ನ ಮಗಳು ಕೊಡಬಾರದು ಅಂತಾಳಲ್ಲ?" ಅಂದ್ರು. ರೇಡಿಯೋ ಹಸ್ತಪ್ರತಿ ತೆಗೆದಳು. ಕೊಡಬಾರದು ಅಂತಲೇ ಇತ್ತು. ಅವಳು ಓದಿದ್ದೂ ಕೊಡಬಾರದು ಅಂತಲೇ. ಕರಡಿನಲ್ಲಿ ಕೊಡಬಹುದು. ಕೆಳಗೆ ನನ್ನ ಸಹಿ.

ಯಜಮಾನರು ಪುಟ ನನ್ನ ಮುಂದೆ ಹಿಡಿದು, "ಇದನ್ನ ಓದಮ್ಮ" ಅಂದ್ರು. ಎಲ್ಲರೂ ನಿಂತಿದ್ರು. ನಾನು ಬಾಯಿ ತೆಗೆದೆ. ಓದೋಕೆ ಬರಲ್ಲ ಅಂದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅಲ್ಲಿ ಅತ್ತೆ. ಕಟ್ಟು ಒಂದೂ ಹೊರಗೆ ಹೋಗಿರಲಿಲ್ಲ. ಹೋಗಿದ್ರೆ? ಒಂದು ಮೊಳದಲ್ಲಿ ತಪ್ಪಿತು ಅಂತ ನೀನು ಬರೆದಿದ್ದೆಯಲ್ಲ, ಆ ಮಾತು ಈಗ ನನಗೆ ಅರ್ಥವಾಗುತ್ತೆ.

ಆಸ್ಪತ್ರೆಯಲ್ಲಿ ಚಿತ್ರ ತೆಗೆದು ಹೇಳಿದ್ರು, ಮೆದುಳಿನ ಹಿಂಭಾಗದಲ್ಲಿ ಎಡಗಡೆ ರಕ್ತನಾಳ ಕಟ್ಟಿಕೊಂಡಿದೆ. ಬಲಗಡೆ ಇರೋದು ನನಗೆ ಕಾಣಿಸ್ತಿಲ್ಲವಂತೆ, ಅದಕ್ಕೇ ಬಾಗಿಲಿಗೆ ಬಡ್ಕೊಳ್ತಿದ್ದೆ. ಓದೋದೂ ಬರೆಯೋದೂ ಬೇರೆ ಬೇರೆ ಮನೆಯಂತೆ, ನಡುವಿನ ದಾರಿ ಮುಚ್ಚಿದೆಯಂತೆ. ಸ್ವಲ್ಪ ತೆರೀಬಹುದು, ತೆರೀದೇ ಇರಬಹುದು.

ಮೂವತ್ತೊಂದಕ್ಕೆ ನಿನ್ನ ಕೊನೆಯ ಕಾಗದ ಬಂತು. ಮೊದಲ ಸಾಲು ಒಂದೇ ಪದ, ದೊಡ್ಡದಾಗಿ ಬರೆದಿದ್ದೀಯ. ಸುಮ್ಮನೆ ಅದರ ಮೇಲೆ ಬೆರಳು ಆಡಿಸ್ತಿದ್ದೆ. ಬೆರಳು ಕ ಬರೀತು, ಕೊಂಬು ಕೊಟ್ಟಿತು. ಕು. ಕಣ್ಣಿಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು. ಕುಡಿದೆ. ಹಾಗೆ ನಾನು ಅದನ್ನ ಓದಿದೆ. ಆಮೇಲೆ ಬಿಡಲಿಲ್ಲ. ಆ ಕಾಗದಕ್ಕೆ ಎರಡು ದಿನ, ಹಿಂದಿನ ಎರಡಕ್ಕೆ ಮೂರು ದಿನ. ಬೆರಳ ತುದಿ ಉರಿಯುತ್ತೆ. ಗ್ಲಾಸಿನ ಹತ್ತಿರ ಕೂತಿದ್ದು, ಚೀಲ ತುಂಬಿದ್ದು, ಚೀಲ ಖಾಲಿ ಮಾಡಿದ್ದು, ಎಲ್ಲ ಓದಿದೆ.

ನಿನ್ನನ್ನ ಬಿಟ್ಟಿರಲಿಲ್ಲ ಕಣೋ. ಆದ್ರೆ ನಿನಗೆ ಹಾಗನಿಸೋ ಹಾಗೆ ಮಾಡಿದವಳು ನಾನೇ, ಕಾಯಿಲೆ ಅಲ್ಲ. ಕಾಯಿಲೆ ಬರೀ ಓದೋದನ್ನ ಕಿತ್ತುಕೊಂಡಿತು. ಸುಳ್ಳು ನಾನೇ ಬರೆದೆ.

ಅಕ್ಕ


ಏಪ್ರಿಲ್ 7, ಮಂಗಳವಾರ

ಅಕ್ಕಾ,

ದೊಡ್ಡ ಅಕ್ಷರದಲ್ಲಿ ಬರೀತಿದ್ದೀನಿ. ಬೆರಳಿಗೆ ಸುಲಭ ಆಗಲಿ.

ನಿನ್ನ ಕಾಗದ ಸ್ಟೋರಿನ ಹಿಂದೆ ಓದಿದೆ. ಎರಡು ಸಲ ಕೂತೆ, ಎರಡು ಸಲ ಎದ್ದೆ.

ನನಗೆ ಏನೂ ಹೊಳೀಲಿಲ್ಲ. ಬಾಗಿಲಿಗೆ ಭುಜ ಬಡೀತು ಅಂತ ಬರೆದಿದ್ದೆ. ತಲೆನೋವು ಅಂತ ಬರೆದಿದ್ದೆ. ನಾನು ಅದನ್ನ ದಾಟಿ 'ಬಾ' ಹುಡುಕ್ತಿದ್ದೆ. ಕ್ಷಮಿಸು.

ಇಲ್ಲಿ ಕೆಲಸ ಉಳಿದಿದೆ. ಗುಡಿಸೋದು. ಕ್ರೇನ್ ಇಲ್ಲ. ಒಂದು ವರ್ಷ ಇಲ್ಲ.

ಶನಿವಾರ ಬರ್ತೀನಿ. ಬಾಗಿಲು ಜೋರಾಗಿ ಬಡಿಯಲ್ಲ.

ತಮ್ಮ


ಏಪ್ರಿಲ್ 14, ಮಂಗಳವಾರ

ತಮ್ಮಾ,

ನೀನು ಭಾನುವಾರ ಬಸ್ಸು ಹತ್ತಿದ ಮೇಲೆ ಮನೆ ತುಂಬ ಸದ್ದಿಲ್ಲದೆ ಹೋಯ್ತು. ನಿನ್ನೆ ಸಂಜೆ ರೇಡಿಯೋ ಬಂದು ಪೇಪರ್ ಓದಿದಳು. ಕೈಪಿಡಿ ವಿಷಯದಲ್ಲಿ ಅವಳಿಗೆ ನನ್ನ ಮೇಲೆ ಕೋಪ ಇದೆ, ಅದನ್ನೂ ಪೇಪರಿನ ಜೊತೆಗೇ ಗಟ್ಟಿಯಾಗಿ ಹೇಳಿದಳು. ಅವಳು ಹೇಳೋದು ಸರಿ. ಯಜಮಾನರು ಎರಡು ತಿಂಗಳು ಬರಬೇಡಿ ಅಂದಿದ್ದಾರೆ. ಆಮೇಲೆ ಏನು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಒಂಬತ್ತಾದ್ರೆ ಕಾಲು ತಾನೇ ಚಪ್ಪಲಿ ಹುಡುಕುತ್ತೆ.

ಈ ತಿಂಗಳ ಓದು ಹೇಗಾಯ್ತು ಅಂತ ಕೂತು ಯೋಚಿಸಿದೆ. ನಾಲ್ಕು ಪುಸ್ತಕ ಅಂದ್ಕೊಂಡಿದ್ವಿ. ನೀನು ಒಂದು ಪೂರ್ತಿ, ಒಂದು ಮುಕ್ಕಾಲು, ದರ್ಜಿಗಳ ಎರಡು ಕಥೆ. ನಾನು ದೋಣಿಯವಳನ್ನ ಮುಗಿಸಿದೆ, ಸರ್ವೇಯರನನ್ನ ಅರ್ಧ ದಾರಿಯಲ್ಲಿ ಕಳ್ಕೊಂಡೆ. ಉಳಿದಿದ್ದು ನಿನ್ನ ಕಾಗದಗಳು. ಇಷ್ಟು ನಿಧಾನವಾಗಿ ನಾನು ಜನ್ಮದಲ್ಲಿ ಏನನ್ನೂ ಓದಿರಲಿಲ್ಲ. ತಪ್ಪು ಹುಡುಕೋಕೆ ಅಂತ ಓಡಿಸ್ತಾ ಇದ್ದ ಕಣ್ಣು ನನ್ನದು. ಬೆರಳು ಹಾಗೆ ಓಡಲ್ಲ, 'ಭಯ' ಅಂತ ಬರೆದಿದ್ರೆ ಭ ಮುಗಿಸಿ ಯ ಬರೆಯೋವರೆಗೂ ಅದರಲ್ಲೇ ಇರಬೇಕು.

ಶನಿವಾರ ನೀನು ಇಟ್ಟಿಗೆ ಗಾತ್ರದ್ದನ್ನ ಗಟ್ಟಿಯಾಗಿ ಓದಿದೆಯಲ್ಲ, ಹದಿನೆಂಟು ಪುಟ. ಲಾರಿಯಿಂದ ಕಲ್ಲು ಇಳಿಸಿದ ಹಾಗೆ ಓದ್ತೀಯ. ಎಲ್ಲಿ ಉಸಿರು ಮುಗಿಯುತ್ತೋ ಅಲ್ಲಿ ವಾಕ್ಯ ಮುಗಿಸ್ತೀಯ. ನನಗೆ ನಗು ಬಂತು, ನೀನೂ ನಕ್ಕೆ. ಮೂರು ವಾರದಲ್ಲಿ ಮೊದಲ ಸಲ ನಕ್ಕೆ ನಾನು.

ಈಗ, ನಾನು ಬರೀಬಾರದು ಅಂತ ನೀನು ಬಯಸ್ತಿರೋದನ್ನ ಬರೀತೀನಿ. ಬಾಗಿಲು ತೆಗೆದಾಗಲೇ ಗೊತ್ತಾಯ್ತು. ಲವಂಗ ಜಗಿದು ಬಂದಿದ್ದೆ, ಲವಂಗದ ಹಿಂದೆ ಇನ್ನೊಂದು ವಾಸನೆಯೂ ಬಂದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮನೆಗೆ ಬರೋಕೆ ಅಷ್ಟು ಧೈರ್ಯ ಬೇಕಾಯ್ತೇನೋ.  ಓದೋಕೆ ಬರದವಳಿಗೆ ಇದೂ ತಿಳಿಯಲ್ಲ ಅಂತ ನೀನು ಅಂದ್ಕೊಂಡೆ, ಎರಡು ದಿನ ಅಂದ್ಕೊಂಡೇ ಇದ್ದೆ, ನಿನ್ನ ಮುಖ ನೆಮ್ಮದಿಯಾಗಿತ್ತು. ನಾನೂ ಸುಮ್ಮನಿದ್ದೆ. ಮತ್ತೆ ಅದೇ ಆಟ. ನಾನು ತಿಳಿಯದ ಹಾಗೆ ನಟಿಸೋದು, ನೀನು ಬಿಟ್ಟ ಹಾಗೆ ನಟಿಸೋದು. ನನಗೆ ಅದು ಸಾಕಾಗಿದೆ.

ಆದ್ದರಿಂದ ಏಪ್ರಿಲ್‌ಗೆ ಹೀಗೆ. ಒಂದೇ ಪುಸ್ತಕ. ನೀನು ಓದೋದು, ನಾನು ಕೇಳೋದು, ಶನಿವಾರ ಶನಿವಾರ ಎಷ್ಟಾಗುತ್ತೋ ಅಷ್ಟು. ತಿಂಗಳು ನೆಟ್ಟಗಿದ್ರೆ ಮಾತ್ರ ಬಾ ಅಂತ ಮೊದಲು ಬರೆದಿದ್ದೆ. ಆ ಸಾಲು ಹೊಡೆದು ಹಾಕು. ನನಗೆ ಭಯ ಹೋಗಿಲ್ಲ, ಸುಳ್ಳು ಹೇಳಲ್ಲ. ರೇಡಿಯೋಗೆ ಶನಿವಾರ ಇಲ್ಲೇ ಮಲಗೋಕೆ ಹೇಳಿದ್ದೀನಿ, ನಿನಗೂ ಅದು ಗೊತ್ತಿರಲಿ. ಕುಡಿಯದೆ ಬಂದ್ರೆ ಸಂಜೆಯೇ ಓದೋಣ. ಕುಡಿದು ಬಂದ್ರೆ ಬಾಗಿಲಲ್ಲೇ ಹೇಳು, ಹೊರಗಿನ ಕೋಣೆಯಲ್ಲಿ ಮಲಗು, ಬೆಳಿಗ್ಗೆ ಓದೋಣ. ಬರದೆ ಮಾತ್ರ ಇರಬೇಡ.

ಅಕ್ಕ